ಎರಡು ವರ್ಷದ ಹಿಂದಿನ ಆದಾಯ

ಜನವರಿಯ ಆ ಶನಿವಾರ ಬೆಳಿಗ್ಗೆ ಅತ್ತೆ ದಿಯೋಲಿಂಡಾ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ ಲಕೋಟೆ ಎಂದಿಗಿಂತ ತೆಳ್ಳಗಿತ್ತು. ಬಿಚ್ಚುವ ಮೊದಲೇ ನೇಲಿಯಾಳ ಬೆರಳಿಗೆ ಅದು ಗೊತ್ತಾಯಿತು. ಸೇತುವೆ ದಾಟಿ ಸಾಮರ್‌ಸೆಟ್‌ನ ಈ ಮನೆಗೆ ಬಂದಾಗಿನಿಂದ, ಪಿಂಚಣಿ ಬ್ಯಾಂಕಿಗೆ ಬಿದ್ದ ವಾರದ ಶನಿವಾರ ಅತ್ತೆ ತಪ್ಪದೆ ಆರುನೂರು ಡಾಲರ್ ತಂದಿಡುತ್ತಿದ್ದರು. ಇವತ್ತು ನೂರರ ಮೂರೇ ನೋಟುಗಳಿದ್ದವು.

"ಅತ್ತೆ, ಇದ್ರಲ್ಲಿ ಮುನ್ನೂರೇ ಇದೆ."

"ಹೂಂ ಮಗಳೇ. ಈ ತಿಂಗಳು ಅಷ್ಟೇ ಆಗಿದ್ದು."

"ಯಾಕೆ? ಪಿಂಚಣಿ ಕಮ್ಮಿ ಬಂತಾ?"

ದಿಯೋಲಿಂಡಾ ಒಲೆಯ ಕಡೆ ತಿರುಗಿ ಕೇಲ್ ಸೊಪ್ಪಿನ ಸಾರಿನ ಮುಚ್ಚಳ ಎತ್ತಿದರು. ಹಬೆ ಅವರ ಕನ್ನಡಕವನ್ನು ಮುಸುಕಿತು. ಅದನ್ನು ಒರೆಸಿಕೊಳ್ಳುವ ನೆಪದಲ್ಲಿ ಆ ಮುದುಕಿ ಸ್ವಲ್ಪ ಹೊತ್ತು ಕಳೆದದ್ದು ನೇಲಿಯಾಳಿಗೆ ಚೆನ್ನಾಗಿ ನೆನಪಿದೆ. ಆಮೇಲೆ, "ಮುಂದೆ ನೋಡೋಣ, ದೇವರಿದಾನೆ" ಅಂದರು. ಅಷ್ಟೇ.

ನೇಲಿಯಾ ಕೆಟ್ಟವಳೇನಲ್ಲ. ಶಾಲೆಯ ಕ್ಯಾಂಟೀನಿನಲ್ಲಿ ದಿನಕ್ಕೆ ಆರು ಗಂಟೆ ನಿಂತು ನಾನೂರು ಮಕ್ಕಳಿಗೆ ಬಡಿಸಿ, ಮನೆಗೆ ಬಂದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಅವಳ ಗಂಡ ಒಸ್ವಾಲ್ಡೊ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಎಣ್ಣೆಯನ್ನು ಮನೆಮನೆಗೆ ತುಂಬಿಸುವ ಲಾರಿ ಓಡಿಸುತ್ತಿದ್ದ. ಹಿಂದಿನ ಅಕ್ಟೋಬರಿನಲ್ಲಿ ಬೆನ್ನಿನ ಮಣಿ ಜಾರಿ, ಈಗ ವಾರಕ್ಕೆ ಮೂರೇ ದಿನ ಕೆಲಸ. ಮಗಳು ಕಾಲೇಜಿನ ಹಾಸ್ಟೆಲಿನಲ್ಲಿದ್ದಳು. ಮನೆಯ ಮೇಲೆ ಬ್ಯಾಂಕಿನ ಸಾಲವಿತ್ತು. ಕಮ್ಮಿ ಬಿದ್ದ ಮುನ್ನೂರು ಡಾಲರ್ ಎಲ್ಲಿಂದ ತರುವುದು ಎಂಬ ಪ್ರಶ್ನೆ ಆ ದಿನ ಅವಳ ತಲೆಯೊಳಗೆ ನೊಣದ ಹಾಗೆ ಗುಂಯ್‌ಗುಟ್ಟಿತು. ಆ ಗುಂಯ್‌ಗುಡುವಿಕೆಯ ನಡುವೆ ಒಂದು ಹೆಸರು ಹೊಳೆಯಿತು. ಡಿನಿಸ್.

ಡಿನಿಸ್ ಅತ್ತೆಯ ಕಿರಿಯ ಮಗ. ನ್ಯೂ ಬೆಡ್‌ಫರ್ಡ್‌ನಲ್ಲಿ ಮೀನಿನ ದೋಣಿಗಳ ಮೇಲೆ ದುಡಿಯುತ್ತಿದ್ದ. ದಡಕ್ಕೆ ಬಂದ ದಿನವೇ ಅರ್ಧ ಕೂಲಿ ಕುಡಿದು ಮುಗಿಸುವ ಆಸಾಮಿ. 'ಅವನಿಗೇ ಹೋಗ್ತಿದೆ' ಎಂದು ನೇಲಿಯಾ ಅಂದುಕೊಂಡಳು. ಅಂದುಕೊಂಡದ್ದು ಒಂದು ವಾರದಲ್ಲಿ ನಂಬಿಕೆಯಾಯಿತು. ಎರಡು ವಾರದಲ್ಲಿ ಕಣ್ಣಾರೆ ಕಂಡಷ್ಟು ಗಟ್ಟಿಯಾಯಿತು.

ಈ ಮನೆ ಬಂದದ್ದು ಹೇಗೆಂದು ಹೇಳಬೇಕು. ಫಾಲ್ ರಿವರ್‌ನ ಇಳಿಜಾರಿನ ಬೀದಿಯಲ್ಲಿ ದಿಯೋಲಿಂಡಾ ಮತ್ತು ಅವರ ಗಂಡ ಎವರಿಸ್ತು, ಪರದೆ ಹೊಲಿಯುವ ಕಾರ್ಖಾನೆಯ ಕೂಲಿ ಕೂಡಿಟ್ಟು, ಮೂರಂತಸ್ತಿನ ಒಂದು ಮರದ ಮನೆ ಕೊಂಡಿದ್ದರು. ಕೆಳಗೆ ಅವರು, ಮೇಲೆರಡು ಅಂತಸ್ತು ಬಾಡಿಗೆಗೆ. ನೇಲಿಯಾ ಮದುವೆಯಾಗಿ ಬಂದ ಮೇಲೆ ನಡುವಿನ ಅಂತಸ್ತು ಅವಳದಾಯಿತು. ಹದಿನೆಂಟು ವರ್ಷ ತಲೆಯ ಮೇಲೆ ಬಾಡಿಗೆದಾರರ ಹೆಜ್ಜೆ, ಕಾಲ ಕೆಳಗೆ ಅತ್ತೆಯ ರೇಡಿಯೊ. ಒಂದು ಹಿತ್ತಲಿರುವ ಮನೆ, ಮೇಲೆ ಬರೀ ಚಾವಣಿ ಇರುವ ಮನೆ ಬೇಕೆಂದು ಅವಳು ಹಂಬಲಿಸದ ದಿನವಿರಲಿಲ್ಲ. ಮಾವ ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ ಒಂದು ದಿನ ದಿಯೋಲಿಂಡಾ ತಾವಾಗಿಯೇ ಹೇಳಿದರು: "ಈ ಮನೆ ಮಾರ್ಬಿಡೋಣ. ನೀವು ನಿಮಗೆ ಬೇಕಾದ್ದು ತಗೊಳ್ಳಿ. ನಂಗೆ ಕೆಳಗಡೆ ಒಂದು ಕೋಣೆ ಸಾಕು." ಬಂದ ಹಣದಲ್ಲಿ ತೆರಿಗೆ ಕಳೆದು ಉಳಿದದ್ದನ್ನೆಲ್ಲ ಮಗನ ಕೈಗಿಟ್ಟರು. ತಮಗೆಂದು ಇಟ್ಟುಕೊಂಡದ್ದು ಹೊಲಿಗೆಯಂತ್ರ, ಗೋಡೆಯ ಶಿಲುಬೆ, ಗಂಡನ ಕೋಟು.

ಅವರ ಎಡಗಣ್ಣು ಅದಕ್ಕೂ ಮೊದಲೇ ಹೋಗಿತ್ತು. ಬಲಗಣ್ಣಿಗೂ ಅದೇ ರೋಗ. ಆರು ವಾರಕ್ಕೊಮ್ಮೆ ಕಣ್ಣಿನೊಳಗೇ ಸೂಜಿ ಚುಚ್ಚಿ ಔಷಧಿ ಹಾಕಬೇಕು. ಹಾಕಿದರೆ ಇರುವ ದೃಷ್ಟಿ ನಿಲ್ಲುತ್ತದೆ ಎಂದು ವೈದ್ಯರು ಹೇಳಿದ್ದರು. ಒಸ್ವಾಲ್ಡೊ ಅರ್ಧ ದಿನ ರಜೆ ಹಾಕಿ ಕರೆದುಕೊಂಡು ಹೋಗುತ್ತಿದ್ದ. ಬರುವಾಗ ಅಮ್ಮ ಮಗ ಇಬ್ಬರೂ ಬೇಕರಿಯಲ್ಲಿ ಕೂತು ಕಾಫಿ ಕುಡಿದು ಬರುತ್ತಿದ್ದರು.

ಜನವರಿಯ ಕೊನೆಯ ಭಾನುವಾರ, ಪ್ರಾರ್ಥನೆ ಮುಗಿಸಿ ಬಂದು ಊಟಕ್ಕೆ ಕೂತಾಗ ನೇಲಿಯಾ ಬಾಯಿ ಬಿಟ್ಟಳು. ಅಂದು ಮೇಜಿನ ಮೇಲೆ ಉಪ್ಪುಮೀನು, ಬೇಯಿಸಿದ ಆಲೂಗಡ್ಡೆ ಇತ್ತು.

"ಡಿನಿಸ್ ಹೇಗಿದಾನಂತೆ ಅತ್ತೆ?"

"ಫೋನ್ ಮಾಡಿಲ್ಲ. ದೋಣಿ ಮೇಲಿರ್ಬೇಕು."

"ಫೋನ್ ಯಾಕೆ ಮಾಡ್ತಾನೆ, ಬರಬೇಕಾದ್ದು ತಿಂಗಳು ತಿಂಗಳು ಬರ್ತಿದ್ರೆ."

ಒಸ್ವಾಲ್ಡೊ ತಲೆ ಎತ್ತಿದ. "ಏನು ಮಾತದು ನೇಲಿಯಾ?"

"ನಾನೇನು ತಪ್ಪು ಹೇಳ್ದೆ? ಮುನ್ನೂರು ಡಾಲರ್ ಎಲ್ಲಿಗೆ ಹೋಗ್ತಿದೆ ಅಂತ ಕೇಳಿದ್ದಷ್ಟೇ. ನಾವಿಲ್ಲಿ ಕರೆಂಟ್ ಬಿಲ್ಲು ಕಟ್ಟೋಕೆ ಒದ್ದಾಡ್ತಿದೀವಿ. ನೀನು ಬೆನ್ನಿಗೆ ಪಟ್ಟಿ ಕಟ್ಕೊಂಡು ಲಾರಿ ಹತ್ತುತೀಯ. ಈ ಮನೇಲಿ ಬಿಟ್ಟಿ ತುತ್ತು ಯಾರಿಗೂ ಇಲ್ಲ, ನಂಗೂ ಇಲ್ಲ. ಅಲ್ಲಿ ಒಬ್ಬ ಕುಡ್ದು ಬಿದ್ದಿರ್ತಾನೆ, ಅವನಿಗೆ ಅಮ್ಮ ಅಂದ್ರೆ ಬ್ಯಾಂಕು."

ದಿಯೋಲಿಂಡಾ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸರಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಮನಸ್ಸಿನಲ್ಲೇ ಏನನ್ನೋ ಲೆಕ್ಕ ಹಾಕಿ, "ಡಿನಿಸ್‌ಗೆ ನಾನು ಒಂದು ಕಾಸೂ ಕೊಟ್ಟಿಲ್ಲ ಮಗಳೇ" ಎಂದರು. "ಈಸ್ಟರ್ ಕಳೀಲಿ. ಮೊದಲಿನ ಹಾಗೇ ಕೊಡ್ತೀನಿ."

"ಅಮ್ಮ, ಕಷ್ಟ ಆದ್ರೆ ಬೇಡ ಬಿಡು" ಎಂದ ಒಸ್ವಾಲ್ಡೊ. ಆದರೆ ಆ ಮಾತನ್ನು ಆತ ಹೇಳಿದ್ದು ತಟ್ಟೆ ನೋಡಿಕೊಂಡು. ಅಮ್ಮನಿಗೆ ಅದು ಗೊತ್ತಾಯಿತು. ನೇಲಿಯಾಳಿಗೂ ಗೊತ್ತಾಯಿತು.

ಫೆಬ್ರವರಿಯ ಒಂದು ಬೆಳಿಗ್ಗೆ, ಬೀದಿಯಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ದಿಯೋಲಿಂಡಾ ಗಂಡನ ಹಳೆಯ ಕೋಟು ಹಾಕಿಕೊಂಡು ಒಬ್ಬರೇ ಬಸ್ಸು ಹತ್ತಿ ಊರೊಳಗೆ ಹೋದರು. "ಎಲ್ಲಿಗೆ?" ಎಂದರೆ "ಒಂದು ರುಜು ಹಾಕೋದಿದೆ" ಎಂದರು. ಮೂರು ಗಂಟೆಯ ಮೇಲೆ ವಾಪಸು ಬಂದಾಗ ತುಟಿ ನೀಲಿಗಟ್ಟಿತ್ತು. ಡಿನಿಸ್‌ನ ಯಾವುದೋ ಜಾಮೀನಿಗೆ ರುಜು ಹಾಕಿ ಬಂದಿದ್ದಾರೆ ಎಂದು ನೇಲಿಯಾ ತೀರ್ಮಾನಿಸಿದಳು. ಬಿಸಿ ಕಾಫಿಯ ಲೋಟವನ್ನು ಅವರ ಮುಂದೆ ಕುಕ್ಕಿ ಇಟ್ಟಳು.

ಏಪ್ರಿಲಿನಲ್ಲಿ ಲಕೋಟೆ ಮತ್ತೆ ದಪ್ಪಗಾಯಿತು. ಆರು ನೋಟು. "ನೋಡ್ದ್ಯಾ?" ಎಂದಳು ಗಂಡನಿಗೆ, "ಬಾಯಿ ಬಿಟ್ರೆ ದಾರಿ ತಾನಾಗೇ ಆಗತ್ತೆ. ನೀನೋ, ಅಮ್ಮನ ಮುಂದೆ ಬೆಣ್ಣೆ." ಒಸ್ವಾಲ್ಡೊ ನಕ್ಕ. ಅವನಿಗೂ ಹಗುರಾಗಿತ್ತು. ಅದೇ ವಾರ ಅಮ್ಮ ಅವನಿಗೆ ಇನ್ನೊಂದು ಸಮಾಧಾನದ ಸುದ್ದಿ ಹೇಳಿದ್ದರು: "ಕಣ್ಣಿನ ಡಾಕ್ಟ್ರು ಇನ್ಮೇಲೆ ವರ್ಷಕ್ಕೊಂದ್ಸಲ ಬಂದ್ರೆ ಸಾಕು ಅಂದ್ರು. ನೀನು ರಜ ಹಾಕೋದು ಬೇಡ." ಒಸ್ವಾಲ್ಡೊ ದೇವರಿಗೆ ಕೈ ಮುಗಿದ. ಯಾರೂ ವೈದ್ಯರನ್ನು ಕೇಳಲಿಲ್ಲ. ಅಮ್ಮ ಸುಳ್ಳು ಹೇಳುತ್ತಾಳೆಂದು ಯಾವ ಮಗ ಅಂದುಕೊಳ್ಳುತ್ತಾನೆ...

ಬೇಸಿಗೆ ಶುರುವಾದ ಮೇಲೆ ಅತ್ತೆಯ ನಡವಳಿಕೆ ಬದಲಾಯಿತು. ಹಾಗೆಂದು ನೇಲಿಯಾ ತನ್ನ ಜೊತೆ ಕೆಲಸ ಮಾಡುವ ಹೆಂಗಸರಿಗೆ ಹೇಳಿಕೊಂಡಳು. ಸಾರಿಗೆ ಒಮ್ಮೆ ಎರಡು ಸಲ ಉಪ್ಪು, ಒಮ್ಮೆ ಉಪ್ಪೇ ಇಲ್ಲ. ಕಾಫಿ ಸುರಿದರೆ ಅರ್ಧ ಲೋಟಕ್ಕೆ, ಅರ್ಧ ಮೇಜಿಗೆ. ಸೊಪ್ಪಿನಲ್ಲಿ ಹುಳ. ಮಾತಾಡಿಸಿದರೆ ಮುಖ ನೋಡುತ್ತಿರಲಿಲ್ಲ; ಕತ್ತು ವಾರೆ ಮಾಡಿ, ಕಿವಿ ಕಡೆಗೋ ಭುಜದ ಕಡೆಗೋ ನೋಡುತ್ತಿದ್ದರು. "ನನ್ನ ಕಂಡ್ರೆ ಮುಖ ತಿರುಗಿಸ್ತಾರೆ. ದುಡ್ಡು ಕೊಡ್ಬೇಕಾಗ್ಬಂತಲ್ಲ, ಆ ಸಿಟ್ಟು" ಎಂದಳು ನೇಲಿಯಾ. ಮೊಮ್ಮಗಳ ಹಾಸಿಗೆಗೆಂದು ಹೆಣೆಯುತ್ತಿದ್ದ ಹೊದಿಕೆಯನ್ನು ಅರ್ಧಕ್ಕೇ ಸುತ್ತಿ ಕಪಾಟಿನಲ್ಲಿಟ್ಟರು. ಕೇಳಿದರೆ "ಬೆರಳು ನೋವು" ಎಂದರು. ಚರ್ಚಿನ ಬಾಗಿಲಲ್ಲಿ ಮೂವತ್ತು ವರ್ಷದ ಗೆಳತಿಯನ್ನು ಕಂಡೂ ಕಾಣದಂತೆ ಹಾದುಹೋದರು. ಆ ಗೆಳತಿ ನೇಲಿಯಾಳ ಹತ್ತಿರ ಬಂದು, "ನಿಮ್ಮತ್ತೆ ಹೊಸ ಮನೆಗೆ ಹೋದ್ಮೇಲೆ ದೊಡ್ಡ ಮನುಷ್ರಾಗ್ಬಿಟ್ರು" ಎಂದು ಕುಟುಕಿದಳು. ನೇಲಿಯಾಳಿಗೆ ಅವಮಾನವಾಯಿತು. ಮನೆಗೆ ಬಂದವಳೇ ಅತ್ತೆಯನ್ನು ತರಾಟೆಗೆ ತೆಗೆದುಕೊಂಡಳು.

"ನಮಸ್ಕಾರಕ್ಕೂ ದುಡ್ಡು ಬೀಳತ್ತಾ ಅತ್ತೆ?"

"ಗಮನಿಸ್ಲಿಲ್ಲ ಮಗಳೇ. ತಪ್ಪಾಯ್ತು. ಮುಂದಿನ ವಾರ ಮಾತಾಡಿಸ್ತೀನಿ."

ಮುಂದಿನ ವಾರ ಅವರು ಚರ್ಚಿಗೆ ಹೋಗಲೇ ಇಲ್ಲ. ಆಮೇಲೆ ಹೋಗುವುದನ್ನೇ ಬಿಟ್ಟರು.

ಅಕ್ಟೋಬರಿನ ಶನಿವಾರ ನೇಲಿಯಾ ಲಕೋಟೆ ಬಿಚ್ಚಿ ನೋಟುಗಳನ್ನು ಹರಡಿದಳು. ನೂರರವು ನಾಲ್ಕು. ಉಳಿದೆರಡು, ಅದೇ ಅಳತೆಯ, ಒಂದು ಡಾಲರಿನ ನೋಟು.

ಅವಳಿಗೆ ನೆತ್ತಿಯವರೆಗೆ ಬಿಸಿ ಏರಿತು. "ಅತ್ತೆ, ನನ್ನನ್ನ ಏನಂತ ತಿಳ್ಕೊಂಡಿದೀರಿ? ಎಣಿಸೋಕೆ ಬರಲ್ಲ ಅಂತನಾ? ನಾಲ್ಕು ನೂರರ ಮಧ್ಯದಲ್ಲಿ ಎರಡು ಒಂದರ ನೋಟು ತೂರಿಸಿದ್ರೆ ಗೊತ್ತಾಗಲ್ಲ ಅಂತನಾ? ಕೊಡೋಕಾಗಲ್ಲ ಅಂತ ನೇರ ಹೇಳಿ. ಈ ಆಟ ಯಾಕೆ?"

"ಆರೂ ನೂರರ ನೋಟೇ ಅಲ್ವಾ?" ದಿಯೋಲಿಂಡಾ ಕುರ್ಚಿಯಿಂದ ಎದ್ದರು. ಕೈ ಚಾಚಿದರು. ಕೈ ಮೇಜಿನ ಅಂಚಿಗೆ ತಗುಲಿ, ಅಲ್ಲಿಂದ ತಡವರಿಸುತ್ತ ನೋಟಿನವರೆಗೆ ಬಂತು. ಒಂದನ್ನೆತ್ತಿ ಹೆಬ್ಬೆರಳಿನಿಂದ ಮೇಲಿಂದ ಕೆಳಕ್ಕೆ ಸವರಿದರು. ಆಮೇಲೆ ಅದನ್ನು ಮುಖದ ಪಕ್ಕಕ್ಕೆ, ಕಿವಿಯ ಹತ್ತಿರಕ್ಕೆ ಒಯ್ದು, ಕಣ್ಣನ್ನು ಓರೆ ಮಾಡಿ, ಮತ್ತೆ ದೂರ ಹಿಡಿದು, ಮತ್ತೆ ಹತ್ತಿರ ತಂದು... "ಇದು ನೂರಲ್ವಾ ನೇಲಿಯಾ? ಬ್ಯಾಂಕಿನ ಹುಡುಗಿ ಎಣಿಸಿ ಕೊಟ್ಳಲ್ಲ. ಚರ್ಚಿನ ಹುಂಡಿಗೆ ಅಂತ ಇಟ್ಟಿದ್ದ ಎರಡು ನೋಟು ಪಕ್ಕದಲ್ಲಿತ್ತು. ಅದು ಇದಕ್ಕೆ ಬಂದು, ಇದು ಅಲ್ಲಿ ಉಳೀತೇನೋ. ತಾಳು, ತರ್ತೀನಿ."

ಅವರು ತಿರುಗಿ ನಡೆದದ್ದು ಕೋಣೆಯ ಬಾಗಿಲಿನತ್ತ ಅಲ್ಲ. ಗೋಡೆಯತ್ತ. ಎರಡು ಹೆಜ್ಜೆ ನಡೆದು, ಕೈ ಚಾಚಿ ಗೋಡೆ ಮುಟ್ಟಿ, ಅದನ್ನು ಹಿಡಿದುಕೊಂಡೇ ಬಾಗಿಲು ಹುಡುಕಿದರು.

ಉಪ್ಪು, ಚೆಲ್ಲಿದ ಕಾಫಿ, ಹುಳ, ವಾರೆ ಕತ್ತು, ಚರ್ಚಿನ ಬಾಗಿಲು... ಆರು ತಿಂಗಳು ಒಂದೊಂದಾಗಿ ಬಂದು ನೇಲಿಯಾಳ ಎದುರು ನಿಂತವು.

"ಅತ್ತೆ," ಎಂದಳು ಮೆಲ್ಲಗೆ, "ನನ್ನ ಮುಖ ಕಾಣ್ಸತ್ತಾ ನಿಮಗೆ?"

ದಿಯೋಲಿಂಡಾ ಗೋಡೆಗೆ ಬೆನ್ನು ಕೊಟ್ಟು ನಿಂತರು. ಸುಳ್ಳು ಹೇಳಲೋ ಬೇಡವೋ ಎಂದು ಯೋಚಿಸಿದಂತಿತ್ತು. "ಮುಖದ ಜಾಗದಲ್ಲಿ ಒಂದು ಮಸಿ ಇದೆ" ಎಂದರು ಕೊನೆಗೆ. "ಸುತ್ತ ಕೂದ್ಲು ಕಾಣತ್ತೆ. ಒಸ್ವಾಲ್ಡೊಗೆ ಹೇಳ್ಬೇಡ."

ಸೋಮವಾರ ಶಾಲೆಗೆ ರಜೆ ಹಾಕಿ ನೇಲಿಯಾ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸ್ವಾಗತದ ಮೇಜಿನಲ್ಲಿ ಕೂತಿದ್ದ ಹುಡುಗಿ ಕಂಪ್ಯೂಟರ್ ನೋಡಿ, "ಇವರ ಮೆಡಿಕೇರಿನಲ್ಲಿ ವೈದ್ಯರ ಖರ್ಚಿನ ಭಾಗ ಮಾರ್ಚಿಗೇ ಮುಗಿದಿದೆ. ನಾವು ಮೂರು ಕಾಗದ ಹಾಕಿದ್ವಿ" ಎಂದಳು. ನೇಲಿಯಾ ತಬ್ಬಿಬ್ಬಾದಳು. ವಯಸ್ಸಾದವರಿಗೆ ಸರಕಾರ ಕೊಡುವ ವಿಮೆ ಅದು, ಸಾಯುವವರೆಗೆ ಇರುತ್ತದೆ, ಅದು ಮುಗಿಯುವುದೆಂದರೇನು? ಅಂದಿನ ಶುಲ್ಕವನ್ನು ಅವಳೇ ಕಟ್ಟಿದಳು. ವೈದ್ಯರು ತುಂಬ ಹೊತ್ತು ದೀಪ ಹಿಡಿದು ನೋಡಿದರು. ಅವರು ಕಠಿಣ ಮನುಷ್ಯರಲ್ಲ; ಹೇಳುವಾಗ ಕುರ್ಚಿಯನ್ನು ಮುದುಕಿಯ ಮೊಣಕಾಲಿನ ಹತ್ತಿರಕ್ಕೆ ಎಳೆದುಕೊಂಡರು.

"ಕಣ್ಣಿನ ಹಿಂದಿನ ಪದರದಲ್ಲಿ ರಕ್ತ ಸೋರಿದೆ ಅಮ್ಮ. ಸೋರಿದ ಜಾಗ ಒಣಗಿ ಕಲೆ ಕಟ್ಟಿದೆ. ಸೋರುವಾಗ ಸೂಜಿ ಹಾಕಿದ್ರೆ ನಿಲ್ತಿತ್ತು. ಕಲೆಗೆ ಔಷಧಿ ಇಲ್ಲ."

"ಮುಂದೆ?" ಎಂದಳು ನೇಲಿಯಾ.

"ಅಂಚಿನ ನೋಟ ಸ್ವಲ್ಪ ಉಳಿಯಬಹುದು. ನಡುವಿನದು ಬರೋದಿಲ್ಲ. ಓದೋದು, ಹೊಲಿಯೋದು, ಮುಖ ಗುರುತಿಸೋದು... ಅದು ಮುಗೀತು."

ದಿಯೋಲಿಂಡಾ ತಲೆಯಾಡಿಸಿ ವೈದ್ಯರಿಗೆ ಧನ್ಯವಾದ ಹೇಳಿದರು. ಕಾರಿನಲ್ಲಿ ಕೂತ ಮೇಲೆ ತಾವಾಗಿಯೇ ಬೆಲ್ಟು ಹುಡುಕಿ ಹಾಕಿಕೊಂಡರು.

ಮನೆಯಲ್ಲಿ ಅತ್ತೆಯ ಒಳಉಡುಪಿನ ಡ್ರಾಯರಿನ ತಳದಲ್ಲಿ ಕಾಗದಗಳು ಸಿಕ್ಕವು. ನೇಲಿಯಾಳಿಗೆ ಇಂಗ್ಲಿಷ್ ಮಾತು ಬಂದರೂ ಸರಕಾರಿ ಕಾಗದದ ಇಂಗ್ಲಿಷ್ ಬೇರೆಯೇ ಜಾತಿ. ಚರ್ಚಿನ ಹಿಂದಿನ ಕೋಣೆಯಲ್ಲಿ ಬುಧವಾರ ಬುಧವಾರ ಮುದುಕ ಮುದುಕಿಯರ ಕಾಗದಪತ್ರ ಓದಿ ಹೇಳುವ ಅರ್ಮಿಂಡಾ ಎಂಬ ನಿವೃತ್ತ ಗುಮಾಸ್ತೆ ಇದ್ದರು. ಅವರ ಎದುರು ಕಾಗದ ಹರಡಿ ಕೂತಳು.

ಅರ್ಮಿಂಡಾ ಓದುತ್ತ ಓದುತ್ತ ಕನ್ನಡಕ ತೆಗೆದಿಟ್ಟರು.

"ನಿಮ್ಮತ್ತೆ ಮನೆ ಮಾರಿದ್ರಾ? ಎರಡು ವರ್ಷದ ಕೆಳಗೆ?"

"ಹೌದು. ಯಾಕೆ?"

"ಮಾರಿದಾಗ ಬಂದ ಲಾಭ ಆ ವರ್ಷದ ಆದಾಯ ಅಂತ ಲೆಕ್ಕ. ತಾವು ಇದ್ದ ಅಂತಸ್ತಿಗೆ ವಿನಾಯಿತಿ ಸಿಕ್ಕಿದೆ, ಮೇಲಿನ ಎರಡು ಅಂತಸ್ತಿಗೆ ಇಲ್ಲ. ವಿಮೆಯ ಕಂತು ಹಾಕೋರು ಇವತ್ತಿನ ಆದಾಯ ನೋಡಲ್ಲ ನೇಲಿಯಾ, ಎರಡು ವರ್ಷ ಹಿಂದಿನದು ನೋಡ್ತಾರೆ. ಕಾಗದದಲ್ಲಿ ನಿಮ್ಮತ್ತೆ ಆ ವರ್ಷ ಶ್ರೀಮಂತೆ. ಹಾಗಾಗಿ ಈ ವರ್ಷ ಶ್ರೀಮಂತರ ಕಂತು. ತಿಂಗಳಿಗೆ ನೂರೆಪ್ಪತ್ತೈದು ಹಿಡೀತಿದ್ದ ಕಡೆ ಐನೂರೈವತ್ತೊಂಬತ್ತು, ಪಿಂಚಣಿಯಲ್ಲೇ ಮುರ್ಕೊಂಡಿದಾರೆ."

"ಆ ದುಡ್ಡು ಅತ್ತೆ ಹತ್ರ ಇಲ್ಲ. ಅದು... ಅದು ನಮ್ಮನೆಯಲ್ಲಿದೆ."

"ಅದು ಅವ್ರಿಗೆ ಸಂಬಂಧ ಇಲ್ಲ."

"ಅರ್ಜಿ ಹಾಕಿದ್ರೆ ಆಗ್ತಿರ್ಲಿಲ್ವಾ?"

ಅರ್ಮಿಂಡಾ ಇನ್ನೊಂದು ಹಾಳೆಯನ್ನು ಮುಂದೆ ಸರಿಸಿದರು. ದಿಯೋಲಿಂಡಾ ಅದನ್ನೂ ತಂದಿಟ್ಟುಕೊಂಡಿದ್ದರು. "ಬದುಕು ಬದಲಾದ್ರೆ ಕಂತು ಇಳಿಸ್ತಾರೆ. ಗಂಡ ಸತ್ರೆ, ವಿಚ್ಛೇದನ ಆದ್ರೆ, ಕೆಲಸ ಬಿಟ್ರೆ, ಹೀಗೆ ಒಂದು ಪಟ್ಟಿ ಇದೆ. ಮನೆ ಮಾರಿ ಮಗನಿಗೆ ಕೊಟ್ಟದ್ದು ಆ ಪಟ್ಟಿಯಲ್ಲಿ ಇಲ್ಲ." ಅವರು ಕೊನೆಯ ಕಾಗದ ಎತ್ತಿದರು. "ಇದು ಫೆಬ್ರವರಿಯದು. ಈ ವಿಮೆ ನಂಗೆ ಬೇಡ ಅಂತ ಅವ್ರೇ ಕಚೇರಿಗೆ ಹೋಗಿ ರುಜು ಹಾಕಿದಾರೆ. ಕಾರಣ ಅಂತ ಒಂದು ಜಾಗ ಇದೆ ನೋಡಿ, ಅಲ್ಲಿ ಬರ್ದಿದಾರೆ."

ಸೊಟ್ಟಸೊಟ್ಟ ಇಂಗ್ಲಿಷ್ ಅಕ್ಷರದಲ್ಲಿ ಎರಡೇ ಪದವಿತ್ತು. ಮನೆಗೆ ಹಣ ಬೇಕು ಎಂಬುದು ಅದರ ಅರ್ಥ.

ಆ ಬಿಸಿಲಿಲ್ಲದ ಕೋಣೆಯಲ್ಲಿ ನೇಲಿಯಾ ಆ ಎರಡು ಪದವನ್ನು ಮತ್ತೆ ಮತ್ತೆ ಓದಿದಳು. ಏಪ್ರಿಲಿನಿಂದ ಅಕ್ಟೋಬರಿನವರೆಗೆ ತಾನು ಎಣಿಸಿಕೊಂಡ ಒಂದೊಂದು ನೋಟೂ ಆ ಕಣ್ಣಿನೊಳಗಿನಿಂದ ಬಂದದ್ದು. ಅದರಲ್ಲಿ ಕರೆಂಟ್ ಬಿಲ್ಲು ಕಟ್ಟಿದ್ದಳು. ಹಿತ್ತಲಿಗೆ ಹೊಸ ಕುರ್ಚಿ ತಂದಿದ್ದಳು.

"ಮೊದಲೇ ಬಂದಿದ್ರೆ..." ಎಂದು ಅರ್ಮಿಂಡಾ ಶುರು ಮಾಡಿ ನಿಲ್ಲಿಸಿದರು.

"ಹೇಳಿ. ಬಂದಿದ್ರೆ?"

"ಅವರ ಕೈಗೆ ಬರೋ ಪಿಂಚಣಿ ಸಣ್ಣದು. ಅಂಥವರ ಕಂತನ್ನ ರಾಜ್ಯದವ್ರೇ ಕಟ್ಟೋ ಒಂದು ಯೋಜನೆ ಇದೆ. ಅವ್ರು ನೋಡೋದು ಈಗಿನ ಆದಾಯ, ಹಿಂದಿನದಲ್ಲ. ಒಂದು ಅರ್ಜಿ, ನಾಲ್ಕು ಪುಟ. ನಾನೇ ತುಂಬಿಸ್ತಿದ್ದೆ." ಅರ್ಮಿಂಡಾ ಅವಳ ಮುಖ ನೋಡಲಾರದೆ ಕಾಗದ ಜೋಡಿಸತೊಡಗಿದರು. "ಈಗಲೂ ತುಂಬಿಸೋಣ. ವಿಮೆ ವಾಪಸ್ ಬರತ್ತೆ."

ಒಸ್ವಾಲ್ಡೊಗೆ ಹೇಳದೆ ಇರಲಾಗಲಿಲ್ಲ. ಅವನು ಲಾರಿಯ ಎಣ್ಣೆವಾಸನೆ ಹೊತ್ತು ಬಂದು ಬೂಟು ಬಿಚ್ಚುತ್ತಿದ್ದ. ನೇಲಿಯಾ ಕಾಗದಗಳನ್ನು ಅವನ ಪಕ್ಕ ಇಟ್ಟು, ನಿಂತುಕೊಂಡೇ, ಏನನ್ನೂ ಮುಚ್ಚಿಡದೆ ಹೇಳಿದಳು. ಅವನು ಒಂದು ಬೂಟು ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ಪೂರ್ತಿ ಕೇಳಿದ. ಬಯ್ಯುತ್ತಾನೆಂದುಕೊಂಡಿದ್ದಳು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಎದ್ದು, ಒಂದೇ ಬೂಟಿನಲ್ಲಿ ಕುಂಟುತ್ತ ಅಮ್ಮನ ಕೋಣೆಗೆ ಹೋಗಿ, ನೆಲದ ಮೇಲೆ ಕೂತು, ಅವರ ಮಡಿಲಲ್ಲಿ ತಲೆಯಿಟ್ಟ.

"ಯಾಕಮ್ಮ ಹೇಳ್ಲಿಲ್ಲ? ಒಂದು ಮಾತು... ಒಂದೇ ಒಂದು ಮಾತು ಹೇಳಿದ್ರೆ..."

ದಿಯೋಲಿಂಡಾ ಮಗನ ಕೂದಲಲ್ಲಿ ಬೆರಳಾಡಿಸಿದರು. "ಈ ಮನೆ ಬೀಗ ತೆಗೆದ ದಿನ ನೀನು ಕೋಣೆ ಕೋಣೆಗೂ ಓಡಿದ್ದೆ. ಐವತ್ತು ವರ್ಷದ ಗಂಡಸು, ಕರು ಹಾಗೆ. ನಿಮ್ಮಪ್ಪ ಇದ್ದಿದ್ರೆ ಅಂತ ಅನ್ನಿಸ್ತು ನಂಗೆ. ಆ ಕಾಗದ ಬಂದಾಗ ಹೇಗೆ ಹೇಳ್ಲಿ, ಈ ಮನೆಗೋಸ್ಕರ ನಂಗೆ ದಂಡ ಬಿತ್ತು ಅಂತ? ಒಂದೇ ವರ್ಷ ಅಂತ ಬರ್ದಿತ್ತು. ಒಂದು ವರ್ಷ ತಾನೆ, ತಡ್ಕೊಳತ್ತೆ ಕಣ್ಣು ಅಂದ್ಕೊಂಡೆ."

"ಈ ಮನೆ ಮಾರ್ತೀನಮ್ಮ. ನಾಳೆನೇ. ನಂಗೆ ಬೇಡ ಈ ಮನೆ."

"ಮಾರಿದ್ರೆ ಮತ್ತೆ ಆದಾಯ ಅಂತಾರೆ. ಈ ಸಲ ಕಾಗದ ನಿನ್ನ ಹೆಸ್ರಿಗೆ ಬರತ್ತೆ" ಎಂದು ಮುದುಕಿ ಸಣ್ಣಗೆ ನಕ್ಕರು. ಬೇರೆ ಯಾರೂ ನಗಲಿಲ್ಲ.

ನೇಲಿಯಾ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬರುವ ಹಕ್ಕು ತನಗಿಲ್ಲವೆಂದು ಅವಳಿಗೆ ಅನ್ನಿಸಿತ್ತು. ಒಸ್ವಾಲ್ಡೊ ಮುಖ ತೊಳೆಯಲು ಹೋದ ಮೇಲೆ ಅವಳು ಮಂಚದ ಹತ್ತಿರ ಬಂದಳು. "ಅತ್ತೆ, ನಾನು..." ಎಂದಳು. ಕ್ಷಮೆ ಎಂಬ ಪದ ಎಷ್ಟು ಚಿಕ್ಕದು ಎಂದು ಅವಳಿಗೆ ಅಂದು ಗೊತ್ತಾಯಿತು.

"ನಿಂಗೇನು ಗೊತ್ತಿತ್ತು" ಎಂದರು ದಿಯೋಲಿಂಡಾ. "ಗೊತ್ತಿದ್ರೆ ಕೇಳ್ತಿರ್ಲಿಲ್ಲ ನೀನು."

"ಗೊತ್ತು ಮಾಡ್ಕೋಬಹುದಿತ್ತು ಅತ್ತೆ."

ಅದಕ್ಕೆ ಅತ್ತೆ ಇಲ್ಲ ಎನ್ನಲಿಲ್ಲ. ಸುಮ್ಮನೆ ಹಾಸಿಗೆಯ ಮೇಲೆ ಕೈಯಾಡಿಸಿ ಅವಳಿಗೆ ಕೂರಲು ಜಾಗ ಮಾಡಿದರು. ಆ ಇಲ್ಲ ಎನ್ನದ ಮೌನವನ್ನು ನೇಲಿಯಾ ಸಾಯುವವರೆಗೆ ಹೊರಬೇಕು.

ಕಾಗದಗಳೆಲ್ಲ ಸಸೂತ್ರವಾಗಿ ಬಂದವು. ಡಿಸೆಂಬರಿನಲ್ಲಿ ವಿಮೆಯ ಕಾರ್ಡು ಬಂತು. ಕಂತನ್ನು ರಾಜ್ಯವೇ ಕಟ್ಟುವುದಾಗಿ ಇನ್ನೊಂದು ಪತ್ರ. ಹೊಸ ವರ್ಷದ ಲೆಕ್ಕದಲ್ಲಿ ದಿಯೋಲಿಂಡಾ ಮತ್ತೆ ಬಡವಿಯಾಗಿದ್ದರು. ಕಂತು ಮೊದಲಿನಷ್ಟಕ್ಕೇ ಇಳಿದಿತ್ತು. ಲಕೋಟೆ ಇಡುವುದನ್ನು ನೇಲಿಯಾ ಬಿಡಿಸಿದ್ದಳು. ಶಾಲೆಯ ಕೆಲಸದ ಮೇಲೆ ಸಂಜೆ ಬೇಕರಿಯೊಂದರಲ್ಲಿ ತಟ್ಟೆ ತೊಳೆಯಲು ಸೇರಿದಳು. ಆರು ವಾರಕ್ಕೊಮ್ಮೆ ಅತ್ತೆಯನ್ನು ಅವಳೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಉಳಿದ ಅಂಚಿನ ನೋಟವಾದರೂ ಇರಲಿ ಎಂದು ವೈದ್ಯರು ಸೂಜಿ ಹಾಕುತ್ತಿದ್ದರು. ಅದೂ ತಿಂಗಳು ತಿಂಗಳು ಕಿರಿದಾಗುತ್ತಿತ್ತು.

ಆದರೆ ಒಸ್ವಾಲ್ಡೊ ಊಟ ಬಿಟ್ಟಿದ್ದ. ರಾತ್ರಿ ಎದ್ದು ಹೋಗಿ ಲಾರಿಯೊಳಗೆ ಕೂರುತ್ತಿದ್ದ. ಒಂದು ದಿನ ಆಸ್ಪತ್ರೆಯಿಂದ ಬಂದಾಗ ಅವನು ಮೆಟ್ಟಿಲ ಮೇಲೆ ಕಾಯುತ್ತ ನಿಂತಿದ್ದ. ಆ ಹೆಜ್ಜೆ ಸದ್ದು ಕೇಳಿದ್ದೇ ದಿಯೋಲಿಂಡಾ, "ಇವತ್ತು ಸ್ವಲ್ಪ ತಿಳಿಯಾಗಿದೆ ಕಣೋ" ಎಂದುಬಿಟ್ಟರು. "ಡಾಕ್ಟ್ರೂ ಹಾಗೇ ಅಂದ್ರು, ಅಲ್ವಾ ನೇಲಿಯಾ?" ವೈದ್ಯರು ಅಂದದ್ದು ಬೇರೆ. ನೇಲಿಯಾ ಗಂಡನ ಮುಖ ನೋಡಿದಳು. "ಹೌದು" ಎಂದಳು. ಆ ರಾತ್ರಿ ಅವನು ಎರಡು ತಟ್ಟೆ ಸಾರು ಉಂಡ. ಅಂದಿನಿಂದ ಆ ಸುಳ್ಳನ್ನು ಅತ್ತೆ ಸೊಸೆ ಇಬ್ಬರೂ ಸೇರಿ ಸಾಕಿದರು. ಬೆಳಿಗ್ಗೆ ಅವನು ಅಮ್ಮನ ಕೋಣೆಗೆ ಬರುವ ಮೊದಲೇ ನೇಲಿಯಾ ಅತ್ತೆಗೆ ದಿನದ ಪಾಠ ಹೇಳಿ ಮುಗಿಸುತ್ತಿದ್ದಳು: ಅವನ ಅಂಗಿಯ ಬಣ್ಣ ಯಾವುದು, ಹಿತ್ತಲಲ್ಲಿ ಏನು ಹೂ ಬಿಟ್ಟಿದೆ, ಗಡ್ಡ ಬೋಳಿಸಿದ್ದಾನೋ ಇಲ್ಲವೋ.

ಮೇ ತಿಂಗಳ ಒಂದು ಭಾನುವಾರ ಒಸ್ವಾಲ್ಡೊ ದೊಡ್ಡದೊಂದು ಚೌಕಟ್ಟು ಹೊತ್ತು ಬಂದ. ಹಳೆಯ ಫೋಟೊವೊಂದನ್ನು ಅಂಗಡಿಯಲ್ಲಿ ಹಿಗ್ಗಿಸಿ ತಂದಿದ್ದ. ಮೂರಂತಸ್ತಿನ ಮನೆಯ ಮುಂದಿನ ಮೆಟ್ಟಿಲ ಮೇಲೆ ಇಡೀ ಸಂಸಾರ. ಅಮ್ಮನ ಮಂಚದ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. "ಕಾಣತ್ತಾ ಅಮ್ಮ? ಯಾರ್ಯಾರಿದಾರೆ ಹೇಳು ನೋಡೋಣ."

ಇದರ ಪಾಠ ಆಗಿರಲಿಲ್ಲ. ನೇಲಿಯಾ ಅತ್ತೆಯ ಹಿಂದೆ ಬಂದು ನಿಂತಳು. ತೋಳು ಹಿಡಿಯುವವಳಂತೆ ಬಗ್ಗಿ, ಕಿವಿಯಲ್ಲಿ ಉಸಿರಿನಷ್ಟೇ ಸದ್ದು ಮಾಡಿ, "ಹಳೇ ಮನೆ ಮೆಟ್ಟಿಲು. ಮಾವ ಎಡಗಡೆ" ಎಂದಳು.

"ನಮ್ಮ ಮನೆ ಮೆಟ್ಟಿಲು" ಎಂದರು ದಿಯೋಲಿಂಡಾ. "ನಿಮ್ಮಪ್ಪ ನೋಡು, ಈ ಕಡೆ ನಿಂತಿದಾರೆ. ಆ ಕೋಟು ಹೊಸದು ಆಗ."

"ಒಸ್ವಾಲ್ಡೊ ನಿಮ್ಮ ಮುಂದೆ. ಕೈಯಲ್ಲಿ ಬ್ರೆಡ್ಡು. ಡಿನಿಸ್ ತೊಡೆ ಮೇಲೆ" ಎಂದು ನೇಲಿಯಾ ಮತ್ತೆ ಉಸುರಿದಳು.

"ನೀನು ಆಗ್ಲೂ ತಿಂಡಿಪೋತ. ಕೈಯಲ್ಲಿ ಬ್ರೆಡ್ಡು ಹಿಡ್ಕೊಂಡೇ ನಿಂತಿದೀಯ. ಡಿನಿಸ್ ನನ್ನ ತೊಡೆ ಮೇಲೆ. ಎಲ್ಲಾ ಕಾಣತ್ತಪ್ಪ. ಚೆನ್ನಾಗಿ ಹಾಕ್ಸಿದೀಯ."

ನೇಲಿಯಾ ತಲೆಯೆತ್ತಿದಳು. ಒಸ್ವಾಲ್ಡೊ ಫೋಟೊದ ಪಕ್ಕದಲ್ಲಿ ಇರಲಿಲ್ಲ. ಎಲ್ಲ ಕೇಳಿಸುವಷ್ಟು ಹತ್ತಿರ, ಅಮ್ಮನ ಎದುರಿಗೇ, ಎರಡಡಿ ದೂರದಲ್ಲಿ ನಿಂತಿದ್ದ. ಕಣ್ಣಿಂದ ನೀರು ಧಾರೆಯಾಗಿ ಗಡ್ಡಕ್ಕಿಳಿಯುತ್ತಿತ್ತು. ಸದ್ದು ಬಾರದ ಹಾಗೆ ತೋಳನ್ನು ಬಾಯಿಗೆ ಒತ್ತಿಕೊಂಡಿದ್ದ. ಹೆಂಡತಿಯ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಸುತ್ತಿಗೆ ಇಟ್ಟು ಬರ್ತೀನಮ್ಮ" ಎಂದು ಹೇಳಿ ಹೊರಗೆ ನಡೆದ.

ಹೆಜ್ಜೆಯ ಸದ್ದು ಹಿತ್ತಲಿಗೆ ಇಳಿಯುವವರೆಗೆ ದಿಯೋಲಿಂಡಾ ಕಿವಿಗೊಟ್ಟು ಕಾದರು. ಸೊಸೆಯ ಕೈಯನ್ನು ತಡವಿ ಹಿಡಿದುಕೊಂಡರು.

"ನಂಬಿದ್ನಾ?"

"ನಂಬಿದ ಅತ್ತೆ" ಎಂದಳು ನೇಲಿಯಾ. "ನಗ್ತಾ ಹೋದ."